ಮಂಗಳವಾರದ ಗಿರಾಕಿ

ಎದೆ ಮ್ಯಾಲಿನ ಬಿಲ್ಲೆಯೊಳಗ ನನ್ನ ಹೆಸರು ರಿಯಾ.
ಹುಲಿಗೆಮ್ಮ ಅಂದ್ರ ಗಿರಾಕಿ ಎದ್ದು ಹೋಗ್ತಾರಂತ
ಟ್ರೈನಿಂಗಿನ ಮೊದಲ ದಿನಾನ ಬದಲಿಸಿದ್ರು.
ಹತ್ತಕ್ಕ ಹೆಬ್ಬೆಟ್ಟು ಒತ್ತಬೇಕು,
ಹತ್ತೂ ಹತ್ತಾದ್ರ ಅರ್ಧ ದಿನದ ಪಗಾರ ಹೋತು.
ಬ್ಲೀಚಿನಾಗ ನೆನೆದು ಸವೆದ ಈ ಹೆಬ್ಬೆಟ್ಟು
ಒಮ್ಮೊಮ್ಮೆ ಯಂತ್ರಕ್ಕ ಗುರುತು ಸಿಗಂಗಿಲ್ಲ.
ಅವತ್ತು ಹುಲಿಗೆಮ್ಮನೂ ಬಂದಿಲ್ಲ, ರಿಯಾನೂ ಬಂದಿಲ್ಲ.

ಒಳಗ ಹದಿನಾಲ್ಕು ಕುರ್ಚಿ.
ಏರ್ತಾವ, ಇಳೀತಾವ, ತಿರುಗ್ತಾವ, ಹಿಂದಕ್ಕ ಮಲಗ್ತಾವ.
ನಮಗ ಕುಂದ್ರಾಕ ಒಂದೂ ಇಲ್ಲ.
ಗಿರಾಕಿ ಇಲ್ಲದಾಗೂ ನಿಂತಿರಬೇಕು, ನಗ್ತಿರಬೇಕು.
ಮೂಲ್ಯಾಗ ಕ್ಯಾಮೆರಾ,
ಅದರ ಆಚೆ ಹೈದರಾಬಾದಿನಾಗ ಯಾರೋ
ಕುಂತು ನೋಡ್ತಾರ.

ತೋರಣಗಲ್ಲಿನ ಕಡೆಯವರ ತಲಿ ತೊಳದ್ರ
ಬೇಸಿನ್‌ನಾಗ ಕೆಂಪು ನೀರು.
ಮೊದಲ ವಾರ, ಎಲ್ಲಿ ಉಗುರು ತಾಕಿ ಗಾಯ ಆತೋ ಅಂತ ಅಂಜಿದ್ದೆ.
ಈಗ ಬಣ್ಣ ನೋಡೇ ಹೇಳ್ತೀನಿ
ಗಣಿಯೋ, ಫ್ಯಾಕ್ಟರಿಯೋ, ಬರೇ ಲಾರಿ ಹಿಂದ ಬೈಕಿನ್ಯಾಗ ಬಂದವರೋ.

ಕೆರಾಟಿನ್ ಹಚ್ಚಿ ಇಸ್ತ್ರಿ ಎಳೆಯೋವಾಗ ಏಳೋ ಹೊಗಿಗೆ
ಮೆಹರುನ್ನೀಸಾ ಅಳ್ತಾಳ.
ಮನ್ಯಾಗ ಏನರ ತ್ರಾಸೇನಮ್ಮ? ಗಿರಾಕಿ ಕೇಳ್ತಾರ.
ಇಲ್ಲ ಮೇಡಂ, ಮನ್ಯಾಗ ಎಲ್ಲಾ ಆರಾಮ.
ಕೈಗವುಸಿನ ರೊಕ್ಕ ನಮ್ಮ ಪಗಾರದಾಗ ಮುರೀತಾರ,
ಒಂದು ಜೊತಿ ತೊಳದು ತೊಳದು ಮೂರು ದಿನ.
ಟವೆಲ್ ಕೋಣ್ಯಾಗ ನಿಂತು ಬುತ್ತಿ ಬಿಚ್ಚತೀವಿ.
ರೊಟ್ಟಿಯೊಳಗ ಕೂದಲು ಬಂದ್ರ
ಯಾರದಂತ ಯಾರೂ ಕೇಳಂಗಿಲ್ಲ.

ಅಪ್ಪಂದು ಕೌಲ್ ಬಜಾರಿನಾಗ ಎರಡು ಕುರ್ಚಿ ಅಂಗಡಿ.
ಎರಡನೇದು ಗಿರಾಕಿಗಲ್ಲ, ಅಪ್ಪಗ.
ಮಂಗಳವಾರ ಬಾಗಿಲು ಹಾಕ್ತಾನ.
ಮದುಮಗನೇ ಬಂದು ಗಲ್ಲ ಒಡ್ಡಲಿ, ಕತ್ತರಿ ಮುಟ್ಟಂಗಿಲ್ಲ,
ತನ್ನ ತಲಿಗೂ ಮುಟ್ಟಿಸಿಕೊಳ್ಳಂಗಿಲ್ಲ.
ಹೆಣ್ಣುಹುಡುಗಿಗೆ ಯಾಕಂತ
ನೊರಿ ತಿರುವೋ ಬ್ರಷ್ ಸೈತ ನನ್ನ ಕೈಗೆ ಕೊಡದವ.
ನಾ ಇಲ್ಲಿ ಸೇರಿದಾಗ ಆರು ತಿಂಗಳು ಕೇಳಲಿಲ್ಲ,
ಹೆಂಗೈತಿ ಅಂತ.

ತಿಂಗಳಿಗೆ ಎಂಬತ್ತು ಸಾವಿರದ ಕೆಲಸ ತೋರಿಸಿದ್ರ ಕಮಿಷನ್ನು.
ಎಪ್ಪತ್ತೊಂಬತ್ತು ಸಾವಿರದ ಏಳುನೂರಕ್ಕ
ಚಪ್ಪಾಳೆ ಅಷ್ಟ.
ಮೂವತ್ತೊಂದನೇ ತಾರೀಖು, ಮಂಗಳವಾರ, ರಾತ್ರಿ ಎಂಟು.
ಮುನ್ನೂರು ಕಡಿಮಿ ಐತಂತ ಅವ್ವಗ ಫೋನಿನಾಗ
ಸುಮ್ನ ಅಂದಿದ್ದೆ.

ಗಾಜಿನ ಬಾಗಿಲು ದೂಡಬೇಕೋ ಎಳೀಬೇಕೋ ತಿಳೀದ
ಹೊರಗ ನಿಂತಾನ, ಇಸ್ತ್ರಿ ಅಂಗಿ ಹಾಕ್ಕೊಂಡು.
ಕೈಯಾಗ ಮುನ್ನೂರು, ಮಡಚಿ ಮಡಚಿ ಸಣ್ಣದಾದದ್ದು.

ಮೈಗೆ ಬಟ್ಟಿ ಹೊದಿಸಿದೆ.
ಕತ್ತು ಬಗ್ಗಿಸಿದ.
ಅಪ್ಪನ ನೆತ್ತಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು,
ಎರಡು ಸುಳಿ. ನನಗೂ ಎರಡು.
ಕಿವಿ ಹಿಂದ ಬಂದಾಗ ಅವನ ಉಸಿರು ನಿಂತಿತು.
ನನ್ನ ಕೈ ನೋಡ್ತಾನೇನೋ ಅಂತ ಕನ್ನಡಿಗೆ ಕಣ್ಣು ಎತ್ತಿದ್ರ
ಕೆಳಗ ನೋಡ್ತಿದ್ದ, ನನ್ನ ಕಾಲು.

ಮ್ಯಾನೇಜರ್ ದೂರದಿಂದ ಬಾಟಲಿ ಎತ್ತಿ ತೋರಿಸಿದ್ಲು.
ಸೀರಮ್ ತಗೊಂತೀರಾ ಸರ್, ಅಂದೆ.
ಸರ್ ಅನ್ನೋದು ಬಾಯಿಂದ ತಾನಾಗೇ ಬಂತು.
ಎಷ್ಟವ್ವ?
ಆರುನೂರಾ ಐವತ್ತು, ಸರ್.
ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮ್ಯಾಲೆ, ಬರೇ ನನಗ ಕೇಳೋ ಹಂಗ:

ಎರಡೂ ಕಾಲ ಮ್ಯಾಲೆ ಒಮ್ಮೆಲೇ ಭಾರ ಹಾಕಬ್ಯಾಡ.
ಹತ್ತು ಸಲ ಕತ್ತರಿ ಆಡಿಸಿದ ಮ್ಯಾಲೆ ಬದಲಿಸು.
ಈ ಕಾಲು, ಆ ಕಾಲು.
ಮೊಣಕಾಲು ಬಿಗೀಬ್ಯಾಡ.

ಮೂವತ್ತು ಸಾವಿರದ ಬಾಂಡ್ ಬರೆಸಿಕೊಂಡ ಟ್ರೈನಿಂಗಿನಾಗ
ಇದನ್ನ ಯಾರೂ ಹೇಳಿದ್ದಿಲ್ಲ.

ಎಂಬತ್ತು ಸಾವಿರ ಭರ್ತಿ ಆತು. ಚಪ್ಪಾಳೆನೂ ಬಂತು.
ಅಪ್ಪ ಹೋದ ಮ್ಯಾಲೆ ನೆಲ ಗುಡಿಸಿದೆ,
ಬಿಳಿ ಕೂದಲು, ನಡುನಡುವೆ ಕರಿ.
ಮರುದಿನ ಒಂದನೇ ತಾರೀಖು, ಲೆಕ್ಕ ಸೊನ್ನಿ.
ಎಡಗಾಲಿನಿಂದ ಶುರು ಮಾಡಿದೆ.