ತಾಮ್ರದ ಮೊಳೆ

ಸಮುದ್ರ ನೋಡದವರ ಮನೆ ನಮ್ಮದು.
ನಾಗಮಂಗಲದ ಕಂಚುಗಾರ ಬೀದಿಯಲ್ಲಿ
ನೀರೆಂದರೆ ಬಾವಿ, ಕೆರೆ, ಮತ್ತೆ
ಕಾದ ಲೋಹ ಅದ್ದಿದಾಗ ಚೊಂಯ್ ಎನ್ನುವ ಮರಿಗೆ.

ಆದರೂ ಹಡಗಿನದೊಂದು ಮೊಳೆ ಇದೆ
ಗಲ್ಲಾಪೆಟ್ಟಿಗೆಯ ತಳದಲ್ಲಿ. ಗೇಣುದ್ದ,
ಚೌಕ ಮೈ, ತಲೆ ಅಣಬೆಯ ಹಾಗೆ.
ಅಜ್ಜಿ ಹೇಳಿದ್ದನ್ನೇ ಹೇಳುತ್ತೇನೆ; ಅವಳೂ ಕೇಳಿದ್ದೇ.

ಪಟ್ಟಣದಿಂದ, ಅಂದರೆ ಶ್ರೀರಂಗಪಟ್ಟಣದಿಂದ,
ಎತ್ತಿನ ಗಾಡಿಯಲ್ಲಿ ಬಂದನಂತೆ ಒಬ್ಬ ಫರಾಸಿಯವ,
ಹೆಸರು ಲಬ್ರೂ, ಕೊಡೆಯ ಕೆಳಗೂ ಕೆಂಪಾದ ಕಿವಿ.
ಅಂಗಿಯ ಒಳಹೊಲಿಗೆ ಬಿಚ್ಚಿ ತೆಗೆದ ಕಾಗದದಲ್ಲಿ
ಇಂಗ್ಲಿಷರ ಹಡಗಿನ ಹೊಟ್ಟೆ,
ಮೀನಿನ ಹುರುಪೆಯಂತೆ ತಾಮ್ರದ ತಗಡು ಹೊದ್ದದ್ದು.
ಸಾಲ ತೀರಿಸಲು ಅವರ ಬಡಗಿಯೊಬ್ಬ ಮಾರಿದ್ದು;
ಆ ಬಡಗಿಗೆ ಗೀಟೆಳೆಯಲು ಕಲಿಸಿದವನೊಬ್ಬ ಡಚ್ಚ.
ಮೂರು ದೊರೆಗಳು ಒಬ್ಬರ ಕತ್ತೊಬ್ಬರು ಹಿಸುಕುವಾಗ
ಅವರ ಉಳಿಗಳು ಒಳಗೊಳಗೇ ಮಾತಾಡಿಕೊಂಡಿದ್ದವು.

ದುಬಾಷಿ ತಿರುಗಿಸಿ ಹೇಳಿದ:
ತಗಡು ಹೊಡೆದೆವು. ಹುಳ ಹತ್ತಲಿಲ್ಲ, ಪಾಚಿ ಕಟ್ಟಲಿಲ್ಲ.
ಮೂರೇ ವರ್ಷ. ನಡುಗಡಲಲ್ಲಿ
ಹಲಗೆ ಹಲಗೆಯ ಕೈಬಿಟ್ಟಿತು.
ಆ ಕಳ್ಳ ಕಾಗದದಲ್ಲಿ ಏನನ್ನೋ ಬಿಟ್ಟಿದ್ದಾನೆ.

ಚೌಡಾಚಾರಿ ಕಾಗದ ತಲೆಕೆಳಗು ಹಿಡಿದು ನೋಡಿದ.
ಒಳಗಿಂದ ಅವನ ಹೆಂಡತಿ ಸಣ್ಣಕಾಳಮ್ಮ,
ಮುಖ ತೋರದೆ, ಬಾಗಿಲ ಸಂದಿಯಿಂದ:
"ಕಲಾಯಿ ಹೋದ ತಾಮ್ರದ ಪಾತ್ರೇಲಿ ಹುಳಿ ಇಟ್ಟು
ಕಬ್ಬುಣದ ಸೌಟ ಅದರೊಳಗೇ ಬುಟ್ಟು ಮನಿಕಂಡ್ರೆ
ಬೆಳಿಗ್ಗೆ ಸವೆಯೋದು ಯಾವುದಂತೆ?
ಮೊಳೆ ಯಾತರದು, ಕೇಳಿ ಮೊದಲು."

ದುಬಾಷಿ ಕೇಳಿದ.
ಲಬ್ರೂ ಬಹಳ ಹೊತ್ತು ಸುಮ್ಮನಿದ್ದು
ಕಬ್ಬಿಣದ್ದು ಅಂದ.
ಒಂದೇ ಉಪ್ಪುನೀರಲ್ಲಿ ಎರಡನ್ನೂ ಒತ್ತೊತ್ತಾಗಿ ಇಟ್ಟಿದ್ದರು.

ಆಮೇಲೆ ಒಂಬತ್ತು ತಿಂಗಳು ಬೀದಿಯಲ್ಲಿ ನಿದ್ದೆಯಿಲ್ಲ.
ತಾಮ್ರದ ಮೊಳೆ ಮೆತ್ತಗೆ, ಗಟ್ಟಿಮರಕ್ಕೆ ಬಾಗುತ್ತದೆ;
ತಣ್ಣಗಿರುವಾಗಲೇ ಬಡಿದು ಬಡಿದು ಗಡುಸು ಮಾಡುವುದು,
ಅದು ನಮ್ಮದೇ ವಿದ್ಯೆ, ಯಾರಿಂದಲೂ ಕದ್ದದ್ದಲ್ಲ.
ಅಥವಾ ಯಾರಿಂದ ಕದ್ದೆವೋ ಮರೆತಿದ್ದೇವೆ.

ಎಂಟು ಗಾಡಿ ಮೊಳೆ ಪಡುವಣ ಘಟ್ಟದ ಕಡೆ ಹೊರಟು
ಅರ್ಧ ದಾರಿಯಿಂದ ತಿರುಗಿ ಬಂದವು. ಪಟ್ಟಣ ಬಿದ್ದಿತ್ತು.
ಕರಗಿಸಿದರು. ಚೆಂಬು, ಹಂಡೆ, ಉದ್ಧರಣೆ.
ಯಾವ ಹಡಗೂ ಇಲ್ಲ; ಊರೆಲ್ಲ ಅದರಲ್ಲೇ ನೀರು ಕುಡಿಯಿತು.

ಲಬ್ರೂ ಮಾತ್ರ ಆ ಮಾತು ಬರೆದುಕೊಂಡಿದ್ದ.
ಕಾಗದ ಮತ್ತೆ ಅಂಗಿಯೊಳಗೆ, ಮತ್ತೆ ಹೊಲಿಗೆ.
ಯಾವ ದೊರೆಗೆ ಮಾರಿದನೋ, ಎಷ್ಟಕ್ಕೋ.
ಅದರಲ್ಲಿ ಸಣ್ಣಕಾಳಮ್ಮನ ಹೆಸರಿತ್ತಾ ಅಂದರೆ
ಅಜ್ಜಿ ನಗುತ್ತಿದ್ದಳು:
ಸೌಟಿನ ಹೆಸರೂ ಇರಲಿಲ್ಲ ಬಿಡು.

ಈಗ ಪಾತ್ರೆ ಸ್ಟೀಲು, ಸೌಟೂ ಸ್ಟೀಲು,
ರಾತ್ರಿಯಿಡೀ ಬಿಟ್ಟರೂ ಏನೂ ಆಗುವುದಿಲ್ಲ.
ಆದರೂ ಮಲಗುವ ಮುಂಚೆ ಎದ್ದು ಹೋಗಿ
ಹೊರಗಿಡುತ್ತೇನೆ.