ಒಂದು ಮೀಟರ್ ಚೌಕ

ಮಿರ್ಜಾನಿನಿಂದ ಒಳಗೆ, ಚಿರೆಕಲ್ಲು ತೆಗೆದು ಬಿಟ್ಟ ಗುಡ್ಡ.
ಗರಗಸ ಕೊಯ್ದ ಗೋಡೆ ಇನ್ನೂ ನೆಟ್ಟಗಿದೆ.
ಬುಡದಲ್ಲಿ ಎಲ್ಲಿಂದಲೋ ತಂದು ಸುರಿದ ಮಣ್ಣು,
ಅದರ ಮೇಲೆ ಆರು ಮಳೆಗಾಲ.
ಹಸಿರಾಗಿದೆ ಅನ್ನುತ್ತದೆ ಕಂಪನಿ.
ಎಷ್ಟು ಅಂತ ಹೇಳಲು ನನ್ನನ್ನು ಕಳಿಸಿದ್ದಾರೆ,
ಪಿವಿಸಿ ಪೈಪಿನ ಒಂದು ಚೌಕ, ಐವತ್ತು ಮೀಟರಿನ ಟೇಪು,
ತುದಿ ಮಸೆದ ಸೈಕಲ್ ಕಡ್ಡಿ,
ಹಳೆ ಪೇಪರಿನಲ್ಲಿ ಅಂಟಿಸಿದ ನಲವತ್ತು ಕೊಟ್ಟೆ.

ಜಾಗ ನಾನು ಆರಿಸಬಾರದು, ಅಷ್ಟೇ ನಿಯಮ.
ನಿನ್ನೆ ರಾತ್ರಿಯೇ ಚೀಟಿ ಎತ್ತಿ ಅಂಕಿ ಬರೆದುಕೊಂಡಿದ್ದೇನೆ.
ಹದಿನೇಳು ಹೆಜ್ಜೆ ಅಂದರೆ ಹದಿನೇಳು,
ಹದಿನೆಂಟರಲ್ಲಿ ಗೌರಿಹೂ ಬೆಂಕಿಯಂತೆ ಕರೆದರೂ.

ಕಡ್ಡಿ ಇಳಿಸುತ್ತೇನೆ. ಮೊದಲು ತಾಗಿದ್ದನ್ನೇ ಬರೆಯಬೇಕು.
ಹುಲ್ಲು. ಹುಲ್ಲು. ಕಲ್ಲು. ದರಕು.
ಬರಿ ಮಣ್ಣು.
ನಾಚಿಕೆಮುಳ್ಳು, ತಾಗಿದ್ದೇ ಮಡಚಿಕೊಂಡು
ಲೆಕ್ಕದಿಂದ ಜಾರಿಕೊಳ್ಳಲು ನೋಡಿತು.
ಒಮ್ಮೆ ಹೊನ್ನಿ ಗೌಡಳ ಕಾಲ ಹೆಬ್ಬೆರಳು.
‘ಇದ್ಕೆ ಎಂತಾ ಬರೀತ್ರಿ?’ ಅಂದಳು.
ಪಟ್ಟಿಯಲ್ಲಿ ಅದಕ್ಕೆ ಅಕ್ಷರವಿರಲಿಲ್ಲ.
ಅವಳು ಸರಿದು ನಿಂತಳು, ಅಡಿಯಲ್ಲಿ ಕಲ್ಲು.

ಕೊಯ್ಯುವುದು ಅವಳು, ತೂಗುವುದು ನಾನು.
ನೆಲಕ್ಕೆ ಹತ್ತಿ ಕೊಯ್ಯಬೇಕು ಅಂದದ್ದು ಅವಳಿಗೆ ಸೇರಲಿಲ್ಲ.
‘ಹೀಂಗೆ ಬೋಳ್ಸಿದ್ರೆ ಮುಂದಿನ ವರ್ಷ
ನಿಮ್ಮ ಪೈಪಿನೊಳಗೆ ಎಂತ ಹುಟ್ತದೆ?’
ಕತ್ತಿ ಮಾತ್ರ ನಿಲ್ಲಲಿಲ್ಲ. ಕೂಲಿ ಕೂಲಿಯೇ.

ಇಪ್ಪತ್ತಮೂರನೇ ಚೌಕ ಬಿದ್ದದ್ದು ಅಕೇಶಿಯಾದ ನೆರಳಿಗೆ.
ಕುಡುಗೋಲಿನಂತೆ ಬಾಗಿದ ದರಕು, ಪದರದ ಮೇಲೆ ಪದರ,
ನೂರು ಸಲ ಇಳಿಸಿದರೆ ತೊಂಬತ್ತಾರು ಸಲ ದರಕೇ.
‘ಮುಚ್ಚಿದೆಯಲ್ಲ ನೆಲ? ಬರೀರಿ’ ಅಂದರು ರಾಯ್ಕರ.
ಬರೆದೆ. ಮುಚ್ಚಿರುವುದು ನಿಜ.
ಹೊನ್ನಿ ಕುಕ್ಕರಗಾಲಲ್ಲಿ ಕೂತು ದರಕು ಸರಿಸಿ ಹುಡುಕಿದಳು
ಬಿದ್ದ ಕಿವಿಯೋಲೆ ಹುಡುಕುವಂತೆ.
ಕೊಟ್ಟೆಗೆ ಹಾಕಲು ಎರಡು ಎಳೆ.

ಇಪ್ಪತ್ತೊಂಬತ್ತು ಬೋಳು ಚಿರೆಯ ಮೇಲೆ.
ರಾಯ್ಕರ ಏನೂ ಹೇಳಲಿಲ್ಲ, ಬೂಟಿನ ತುದಿಯಿಂದ
ಚೌಕವನ್ನು ಅರ್ಧ ಮೊಳ ತಳ್ಳಿದರು, ಹುಲ್ಲಿನ ಕಡೆಗೆ,
ಮನೆಯಲ್ಲಿ ಚಪ್ಪಲಿ ಸರಿಸಿದಷ್ಟು ಸಲೀಸಾಗಿ.
ನಾನು ಅದನ್ನು ಎತ್ತಿ ಮೊದಲಿದ್ದಲ್ಲೇ ಇಟ್ಟೆ.
ಆಮೇಲೆ ಅವರು ಜೀಪಿನಲ್ಲೇ ಕೂತರು.

ಕೊನೆಗೆ ಹೋಲಿಕೆಯ ಜಾಗ: ಕಂದಕದಾಚೆ
ಯಂತ್ರ ಹತ್ತದೆ ಉಳಿದ ತುಂಡು ಗುಡ್ಡ.
ಸೊಂಟದವರೆಗೆ ಕರಡ, ಗಾಳಿಗೆ ಒಂದೇ ಸಲ ಮಗ್ಗುಲು ಬದಲಿಸುತ್ತಿತ್ತು.
ದೂರದಲ್ಲಿ ಅಘನಾಶಿನಿ, ಇಳಿತದ ಕೆಸರು ಬಣ್ಣ.
ಹೊನ್ನಿ ಬಹಳ ಹೊತ್ತು ಮಾತಾಡಲಿಲ್ಲ.
ಅವಳ ಅಬ್ಬೆ ಕೊಯ್ಯುತ್ತಿದ್ದ ಬೇಣವಂತೆ, ಈಚೆಯದೂ ಆಚೆಯದೂ ಸೇರಿ.
‘ಇಲ್ಲಿ ಮಧ್ಯಾಹ್ನದೊಳಗೆ ಎರಡು ಹೊರೆ.’
ಅಲ್ಲಿ?
‘ಅಲ್ಲಿ ಹೊತ್ತು ಮುಳುಗಿದ್ರೂ ಸಿಂಬೆ ಮಾತ್ರ ತಲೆಮೇಲೆ.’

ಕುಮಟೆಯ ಕಾಲೇಜಿನ ಒಲೆಯಲ್ಲಿ ಎರಡು ದಿನ ಒಣಗಿಸಿದೆ.
ಮೆಟ್ಟಿಲವರೆಗೂ ಹುಲ್ಲಿನ ವಾಸನೆ; ಜವಾನ ಕೇಳಿದ,
ಕೊಟ್ಟಿಗೆ ಇಟ್ಟಿದ್ದೀರಾ ಒಳಗೆ?
ಆಚೆಯ ಗುಡ್ಡದ್ದು ಚೌಕಕ್ಕೆ ಮುನ್ನೂರ ಎಂಬತ್ತು ಗ್ರಾಂ.
ಗಣಿಯದ್ದು ನಲವತ್ತೊಂದು.
ಇಪ್ಪತ್ತಮೂರನೇ ಕೊಟ್ಟೆ ತನ್ನ ತೂಕವನ್ನಷ್ಟೇ ತೂಗಿತು.
ಹೊದಿಕೆ ನೂರಕ್ಕೆ ಎಪ್ಪತ್ತೊಂದು. ಬೇಕಾದದ್ದು ಎಪ್ಪತ್ತು.
ಫೋನಿನಲ್ಲಿ ರಾಯ್ಕರ ನಕ್ಕದ್ದು ಕೇಳಿಸಿತು.

ಎರಡೂ ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದಿದ್ದೇನೆ.
ಷರಾ ಎಂಬ ಕಾಲಮ್ಮು ಖಾಲಿ ಬಿಟ್ಟೆ.
ಅಲ್ಲಿ ಬರೆಯಬೇಕಾದದ್ದು ಇಷ್ಟೇ:
ಮೂವತ್ತೊಂದನೇ ಚೌಕದ ಮೂಲೆಯಲ್ಲಿ
ತೆನೆ ಬಿಟ್ಟ ಹುಲ್ಲು ಒಂದು ಹಿಡಿ,
ಗಣಿಯ ಮಣ್ಣಿನಲ್ಲಿ ಬೀಜ ಕಟ್ಟಿದ್ದು ಅದೊಂದೇ.
ಹೊನ್ನಿ ಕತ್ತಿಯನ್ನು ಅದರ ಸುತ್ತ ತಿರುಗಿಸಿ
ನನ್ನ ಮುಖ ನೋಡಿದಳು.
ನಾನು ಕೊಟ್ಟೆಯ ಮೇಲೆ ನಂಬರು ಬರೆಯುತ್ತಿದ್ದೆ,
ಬರೆದದ್ದರ ಮೇಲೆಯೇ ಇನ್ನೊಮ್ಮೆ.

ನಾಲ್ಕೋ ಐದೋ ಗ್ರಾಂ ಕಡಿಮೆ ಇದೆ ನನ್ನ ಲೆಕ್ಕ.