ತಡಿ

ಕ್ಲಬ್ಬಿನ ಐವತ್ತು ವರ್ಷದ ಪುಸ್ತಕಕ್ಕ
ಜೋವಿತೊನ ಬಗ್ಗೆ ಅರ್ಧ ಪುಟ ಬರಿ ಅಂದ್ರು,
ಕನ್ನಡದಾಗ ಬರಿ, ಯಾರರ ತಿರುವಿ ಹಾಕ್ತಾರ.
ನಾ ಬರಿಯಾಂವ ಅಲ್ಲ, ಗೆರಿ ಹಾಕಾಂವ.
ಸುಣ್ಣದ ಡಬ್ಬಿಗೆ ಎರಡು ಗಾಲಿ, ಒಂದು ಹಗ್ಗ, ಒಂದು ಗೂಟ,
ಮೈದಾನದ ನಟ್ಟನಡುವ ಒಂದು ವರ್ತುಳ.
ಅಷ್ಟ ನನ್ನ ಅಕ್ಷರ.

ಆ ವರ್ತುಳದಾಗ ಬಂದು ನಿಂತಾಗ ನಿನಗ ಹನ್ನೆರಡು.
ಬೂಟು ಅಣ್ಣಂದು, ಮುಂದ ಹತ್ತಿ ತುರುಕಿದ್ದಿ.
ಉಳಿದ ಹುಡುಗೂರು ಚೆಂಡಿನ ಸುತ್ತ
ಬೆಲ್ಲಕ್ಕ ಮುತ್ತಿದ ಇರಿವಿ;
ನೀ ಒಬ್ಬನ, ಚೆಂಡು ಇಲ್ಲದ ಜಾಗಾ ನೋಡಕೋತ ನಿಂತಿದ್ದಿ.
ಮೈಗಳ್ಳ ಅಂದ ಮಾಸ್ತರ.
ನಾ ಅನ್ನಲಿಲ್ಲ.

ಚೆಂಡು ಕಾಲಿಗೆ ಬಂದ್ರ ಮಾತ್ರ ಗಾಬರಿ,
ಬಿಸಿ ತವಾ ಮುಟ್ಟಿದಂಗ ಒದ್ದು ಬಿಡ್ತಿದ್ದಿ.
ಒಂದಿನ ಗೆರಿ ಹೊರಗಿಂದ ಬಾಯಿಗೆ ಬಂತು: ತಡಿ!
ಗದಗಿನ ಕಡೆ ಮಾತು, ವಾಸ್ಕೋದ ಬಿಸಿಲಾಗ.
ನಿನಗೇನು ತಿಳೀತೋ, ಕೊಂಕಣಿ ಪೋರ,
ತಡದಿ.
ಅರ್ಧ ಉಸಿರು.
ಅಷ್ಟರಾಗ ಬಲಗಡೆ ಒಂದು ಬಾಗಿಲಾ ತೆರೀತು,
ಅಲ್ಲಿ ಮೊದಲು ಗ್ವಾಡಿ ಇತ್ತು.

ಆಮ್ಯಾಲೆ ಅದ ನಮ್ಮ ಆಟ.
ಝುವಾರಿನಗರದ ಗುಡ್ಡದಿಂದ ನಾ, ಚಿಕಾಳಿಯಿಂದ ನೀ,
ನಡಕ ಒಂದು ಶಬ್ದ.
ಗೋಲು ಹೊಡದಾಂವನ ಹೆಸರು ಪೇಪರಿನ ಮ್ಯಾಲೆ,
ಅವಗ ಚೆಂಡು ಕೊಟ್ಟಾಂವಂದು ಕೊನೀ ಸಾಲಿನಾಗ,
ಕೊಟ್ಟಾಂವಗ ಕೊಟ್ಟಾಂವ ನೀ.
ನಿನ್ನ ಹೆಸರು ಹುಡುಕಿ ಹುಡುಕಿ
ನನಗ ಇಂಗ್ಲಿಷ್ ಅಕ್ಷರ ಬಂದುವು.

ದೇಶದ ಅಂಗಿಗೆ ಎಂಟು ಹೊಲಿಯೂಮುಂದ
ನಿಮ್ಮವ್ವ ಎಸ್ಪೆರಾನ್ಸಾ ಬಾಯಿ ದಾರ ಹಲ್ಲಿಲೆ ಕಡದು ಅಂದ್ಲು,
ಏನ್ ನಂಬರೋ, ಸೊನ್ನಿ ಮ್ಯಾಲೊಂದು ಸೊನ್ನಿ.
ಹತ್ತೊಂಬತ್ತರ ಒಳಗಿನವರ ಟೀಮು.
ಹನ್ನೊಂದು ನಿಮಿಷ ಆಡಿದಿ.

ಆಮ್ಯಾಲೆ ನಿಮ್ಮಜ್ಜ ಹುಟ್ಟಿದ ಕಾಗದ ಸಿಕ್ತು;
ಗೆದ್ದಲು ಒಂದು ಮೂಲಿ ತಿಂದು ಹೆಸರು ಬಿಟ್ಟಿತ್ತು.
ಪೋರ್ಚುಗಲ್ಲಿನ ಕೆಂಪು ಪಾಸ್‌ಪೋರ್ಟ್ ಬಂತು.
ನೀಲಿದು ಪಣಜಿಯಾಗ ಒಪ್ಪಿಸಿ ಬಂದಿ,
ಇನ್ನ ಈ ದೇಶಕ್ಕ ಆಡೂಹಂಗಿಲ್ಲ.
ಅಂಗಿ ಟ್ರಂಕಿನಾಗ, ಡಾಂಬರ ಗುಳಿಗಿ ಜೋಡಿ.
ಬಸ್ ಸ್ಟ್ಯಾಂಡಿನಾಗ ಕೇಳಿದಿ, ತಪ್ಪೇನು ಅಂಕಲ್?
ನಮ್ಮಜ್ಜನ ಹೆಸರು ಯಾವ ದೊರಿ ದಫ್ತರದಾಗೂ ಇಲ್ಲ.
ನಲವತ್ತು ವರ್ಷ ಆದ್ರೂ ಇಲ್ಲಿ ನಾ ಘಾಂಟಿ,
ಊರಿಗೆ ಹ್ವಾದ್ರ ಗೋವಾದಾಂವ ಬಂದ ಅಂತಾರ.
ನಡುವಿನ ಜಾಗಾ ನನಗ ಗೊತ್ತೈತಿ, ಮಗಾ,
ಉತ್ತರ ಗೊತ್ತಿಲ್ಲ.
ಅವತ್ತು ನಾ ತಡಿ ಅನಲಿಲ್ಲ.
ಅಂದಿದ್ರ ತಡೀತಿದ್ದೇನೋ.

ನಿನ್ನ ಆಟ ನಮಗ ನಡುರಾತ್ರಿ. ಮೊಮ್ಮಗಳು ಫೋನು ಹಚ್ಚಿ ಕೊಡ್ತಿದ್ಲು.
ಮಂಜಿನಾಗ ಇಪ್ಪತ್ತೆರಡು ಗೊಂಬಿ;
ಓಡೂದರಿಂದ ಅಲ್ಲ, ನಿಲ್ಲೂದರಿಂದ ನಿನ್ನ ಗುರತು.
ಚೆಂಡು ನಿನಗ ಬಂತು ಅನ್ನೂದ್ರಾಗ ನೆಟ್‌ವರ್ಕ್ ನಿಂತು
ಪರದಿ ಮ್ಯಾಲೆ ಒಂದು ಗಾಲಿ ತಿರಗತಿತ್ತು.
ತಡಿ, ಅಂತಿದ್ದೆ ಫೋನಿಗೆ.
ಮತ್ತ ಹತ್ತೂದ್ರಾಗ ಚೆಂಡು ಎಲ್ಲೋ, ನೀ ಎಲ್ಲೋ,
ನಡುವ ಏನು ಮಾಡಿದಿ ಅಂತ ಯಾರೂ ತೋರಸಲಿಲ್ಲ.

ಮೊಣಕಾಲು ಹೋತು.
ಎರಡನೇ ದರ್ಜೆಯಿಂದ ಮೂರನೇದು, ಅಲ್ಲಿಂದ ಸೈಪ್ರಸ್ಸು, ಅಲ್ಲಿಂದ ಬೆಂಚು.
ಈಗ ಇಂಗ್ಲೆಂಡಿನ ಯಾವುದೋ ಗೋದಾಮು, ರಾತ್ರಿ ಪಾಳಿ.
ಮೊನ್ನೆ ಧ್ವನಿ ಕಳಿಸಿದ್ದಿ. ಪೆಟಗಿ ಉರುಳೂ ಸಪ್ಪಳ ಹಿಂದ,
ಮಾತೆಲ್ಲಾ ಕೊಂಕಣಿ, ಶಬ್ದ ಒಂದು ನಂದು:
ಇಲ್ಲಿ ಯಾರೂ ‘ತಡಿ’ ಅನ್ನೂದಿಲ್ಲ, ಅಂಕಲ್.

ಪುಸ್ತಕದವರು ಕೇಳ್ತಾರ, ಒಟ್ಟು ಎಷ್ಟು ಗೋಲು?
ಮೂರು ಅಂತ ಬರದೀನಿ.
ಅದರಾಗ ಒಂದು ನಿನ್ನ ಬೆನ್ನಿಗೆ ಬಡದು ಹೋದದ್ದು.

ನಮ್ಮ ಮೈದಾನಕ್ಕ ಪ್ಲಾಸ್ಟಿಕ್ ಹುಲ್ಲು ಹಾಸ್ಯಾರ,
ಗೆರಿ ಅದರಾಗ ಹೊಲದ ಬಂದಾವು.
ತೆಳಗ ಹಳೇ ವರ್ತುಳ ಇರಬೇಕು;
ಸುಣ್ಣ ಸುಟ್ಟ ಜಾಗಾದಾಗ ಹುಲ್ಲು ಹುಟ್ಟತಿರಲಿಲ್ಲ.

ಅರ್ಧ ಪುಟ ದಾಟೇತಿ, ಗೊತ್ತೈತಿ.
ಬ್ಯಾಡಾದ್ದು ಕಡದು ಹಾಕ್ರಿ,
ಬಲಗಡೆ ಬಾಗಿಲಾ ಒಂದು ಬಿಡ್ರಿ.